ಪುಸ್ತಕ ಮುಚ್ಚಿದ ಮೇಲೆ ಶುರುವಾಗುವ ಕಲಿಕೆ

ಏಳನೇ ತರಗತಿಯ ಹುಡುಗಿಯೊಬ್ಬಳು ಸಮಾಜ ವಿಜ್ಞಾನ ಪರೀಕ್ಷೆಯ ಹಿಂದಿನ ರಾತ್ರಿ ಬಾದಾಮಿ ಚಾಲುಕ್ಯರ ಪಾಠವನ್ನು ಮೂರು ಸಲ ಓದುತ್ತಾಳೆ. ಇಮ್ಮಡಿ ಪುಲಕೇಶಿ, ಹರ್ಷವರ್ಧನ, ಐಹೊಳೆ ಶಾಸನ, ರವಿಕೀರ್ತಿ, ಪಟ್ಟದಕಲ್ಲು, ಹೀಗೆ ಮುಖ್ಯವೆನಿಸಿದ್ದರ ಕೆಳಗೆಲ್ಲ ಗೆರೆ ಎಳೆದಿದ್ದಾಳೆ. ಮೂರನೇ ಸಲ ಓದುವ ಹೊತ್ತಿಗೆ ಮುಂದಿನ ಸಾಲು ಏನಿದೆಯೆಂದು ಕಣ್ಣು ಹಾಯಿಸುವ ಮೊದಲೇ ಹೊಳೆಯುತ್ತದೆ. "ಎಲ್ಲ ಬರುತ್ತೆ ಅಮ್ಮ" ಎಂದು ಪುಸ್ತಕ ಮುಚ್ಚಿ ಮಲಗುತ್ತಾಳೆ. ಬೆಳಿಗ್ಗೆ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಎರಡು ಹೆಸರು ನೆನಪಾಗುತ್ತವೆ, ಉಳಿದದ್ದು ಎಷ್ಟು ತಡಕಿದರೂ ಸಿಗುವುದಿಲ್ಲ. ಸಂಜೆ ಮನೆಗೆ ಬಂದು ಅದೇ ಪುಟ ತೆರೆದರೆ, "ಅಯ್ಯೋ, ಇದೆಲ್ಲ ನಂಗೆ ಗೊತ್ತಿತ್ತಲ್ಲ!"

ಇಂಥ ಮಕ್ಕಳಿಗೆ ನಾವು ಕೊಡುವ ಕಾರಣಗಳು ಸಿದ್ಧವಾಗಿಯೇ ಇರುತ್ತವೆ. ಗಮನ ಇಲ್ಲ, ಮೊಬೈಲ್ ಜಾಸ್ತಿಯಾಯಿತು, ನೆನಪಿನ ಶಕ್ತಿ ಕಡಿಮೆ, ತಲೆಗೆ ಹತ್ತುವುದಿಲ್ಲ. ಆದರೆ ಈ ಹುಡುಗಿ ಓದಿದ್ದು ನಿಜ, ಗಮನವಿಟ್ಟು ಓದಿದ್ದೂ ನಿಜ. ರಾತ್ರಿ ಗೊತ್ತಿದ್ದದ್ದು ಬೆಳಿಗ್ಗೆ ಗೊತ್ತಿಲ್ಲದಂತಾಗಿ, ಸಂಜೆ ಮತ್ತೆ ಗೊತ್ತಿದ್ದಂತಾಗುವುದು ಹೇಗೆ? ನೆನಪಿನ ವಿಜ್ಞಾನಿಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಕೆದಕಿರುವ ಒಗಟು ಇದು. ಅವರು ಕಂಡುಕೊಂಡ ಉತ್ತರ ನಮ್ಮ ಶಾಲೆಗಳಿಗೂ ಮನೆಗಳಿಗೂ ತೀರಾ ಬೇಕಾದದ್ದು.

ಗೊತ್ತಿರುವುದರಲ್ಲಿ ಎರಡು ಬಗೆ

ಪ್ರತಿ ರಜೆಯಲ್ಲೂ ಬಸ್ಸಿನಲ್ಲಿ ಅಜ್ಜಿಯ ಊರಿಗೆ ಹೋಗುವ ಮಗುವನ್ನು ನೆನೆಯಿರಿ. ಕಿಟಕಿ ಪಕ್ಕ ಕೂತು ಕೆರೆ ಏರಿ, ರೈಸ್ ಮಿಲ್ಲು, ಆಲದ ಮರ, ಚೆಕ್‌ಪೋಸ್ಟ್ ಎಲ್ಲವನ್ನೂ ನೋಡುತ್ತದೆ. ಒಂದೊಂದು ಬಂದಾಗಲೂ "ಇದು ನಂಗೊತ್ತು" ಅನ್ನುತ್ತದೆ. ಆ ಮಾತು ಸುಳ್ಳಲ್ಲ. ಆದರೆ ಅದೇ ಮಗುವಿಗೆ ಸೈಕಲ್ ಕೊಟ್ಟು ಒಬ್ಬನೇ ಹೋಗಿ ಬಾ ಎಂದರೆ ಮೊದಲ ಕವಲಿನಲ್ಲೇ ನಿಂತುಬಿಡುತ್ತದೆ. ಕೆರೆ ದಾಟಿದ ಮೇಲೆ ಎಡಕ್ಕೋ ಬಲಕ್ಕೋ? ಬಸ್ಸಿನಲ್ಲಿ ಆ ಪ್ರಶ್ನೆ ಅದರ ಮುಂದೆ ಒಮ್ಮೆಯೂ ಬಂದಿರಲಿಲ್ಲ. ಬರಬೇಕಾಗಿಯೂ ಇರಲಿಲ್ಲ, ಡ್ರೈವರ್ ತಿರುಗಿಸುತ್ತಿದ್ದ.

ಎದುರಿಗೆ ಬಂದದ್ದನ್ನು ಗುರುತು ಹಿಡಿಯುವುದು ಒಂದು ಬಗೆಯ ತಿಳಿವು. ಎದುರಿಗೆ ಇಲ್ಲದ್ದನ್ನು ತಾನೇ ನೆನೆದು ತರುವುದು ಇನ್ನೊಂದು. ಪುಸ್ತಕವನ್ನು ಮತ್ತೆ ಮತ್ತೆ ಓದುವಾಗ ಬೆಳೆಯುವುದು ಬಹುಪಾಲು ಮೊದಲನೆಯದು. ಪರೀಕ್ಷೆ, ಮುಂದಿನ ತರಗತಿಯ ಪಾಠ, ಬದುಕು ಕೇಳುವುದು ಎರಡನೆಯದನ್ನು.

ತೊಂದರೆ ಏನೆಂದರೆ, ಒಳಗಿನಿಂದ ಇವೆರಡೂ ಒಂದೇ ಥರ ಅನಿಸುತ್ತವೆ. ಮೂರನೇ ಓದಿನಲ್ಲಿ ಸಾಲುಗಳು ಸರಾಗವಾಗಿ ಹರಿಯುತ್ತವೆ, ಆ ಸರಾಗವನ್ನೇ ಮನಸ್ಸು ಕಲಿಕೆಯೆಂದು ನಂಬುತ್ತದೆ. ಇದನ್ನು ಪರಿಚಯದ ಭ್ರಮೆ ಎನ್ನೋಣ. ಜಾಣ ಮಕ್ಕಳೂ ದೊಡ್ಡವರೂ ಇದಕ್ಕೆ ಹೊರತಲ್ಲ. ಅಮೆರಿಕದ ಜಾನ್ ಡನ್ಲಾಸ್ಕಿ ಮತ್ತು ಸಂಗಡಿಗರು 2013ರಲ್ಲಿ ವಿದ್ಯಾರ್ಥಿಗಳು ಬಳಸುವ ಹತ್ತು ಓದುವ ವಿಧಾನಗಳನ್ನು ಪರಿಶೀಲಿಸಿದರು. ಮತ್ತೆ ಮತ್ತೆ ಓದುವುದು, ಗೆರೆ ಎಳೆಯುವುದು ಎರಡನ್ನೂ ಕಡಿಮೆ ಉಪಯೋಗದ ಗುಂಪಿಗೆ ಸೇರಿಸಿದರು. ನಮ್ಮ ಮಕ್ಕಳು ಅತಿ ಹೆಚ್ಚು ನೆಚ್ಚಿಕೊಂಡಿರುವುದು ಅವೆರಡನ್ನೇ.

ಆರನೇ ತರಗತಿಯಲ್ಲಿ ಏನು ಬದಲಾಗುತ್ತದೆ?

ಈ ಭ್ರಮೆ ಚಿಕ್ಕ ತರಗತಿಗಳಲ್ಲಿ ಅಷ್ಟಾಗಿ ಕಾಡುವುದಿಲ್ಲ. ಅಲ್ಲಿ ದಿನವೂ ಮಗ್ಗಿ ಒಪ್ಪಿಸಬೇಕು. ಉಕ್ತಲೇಖನ ಬರೆಯಬೇಕು. ಮೇಷ್ಟ್ರು ಬೋರ್ಡಿನ ಮುಂದೆ ನಿಲ್ಲಿಸಿ ಕೇಳುತ್ತಾರೆ. ಹನ್ನೆರಡರ ಮಗ್ಗಿ ಐವತ್ತು ವರ್ಷದ ಬಳಿಕವೂ ನಾಲಿಗೆ ಮೇಲೆ ಇರುವವರು ಅದನ್ನು ಹಾಳೆಯ ಮೇಲೆ ನೋಡಿ ನೋಡಿ ಉಳಿಸಿಕೊಂಡವರಲ್ಲ, ನೋಡದೆ ಒಪ್ಪಿಸಿ ಒಪ್ಪಿಸಿ ಉಳಿಸಿಕೊಂಡವರು.

ಆರನೇ ತರಗತಿಗೆ ಬಂದ ಕೂಡಲೇ ಪರಿಸರ ಅಧ್ಯಯನದ ಒಂದು ಪುಸ್ತಕದ ಜಾಗಕ್ಕೆ ವಿಜ್ಞಾನ, ಸಮಾಜ ವಿಜ್ಞಾನ ಎಂದು ಎರಡು ಬರುತ್ತವೆ. ಮೂರನೇ ಭಾಷೆ ಸೇರಿಕೊಳ್ಳುತ್ತದೆ. ಪಾಠಗಳು ಉದ್ದವಾಗುತ್ತವೆ, ದ್ಯುತಿಸಂಶ್ಲೇಷಣೆ, ಅಕ್ಷಾಂಶ, ಚರಾಕ್ಷರ ಎಂಬ ಹೊಸ ಪದಗಳು ಒಟ್ಟೊಟ್ಟಿಗೆ ಎದುರಾಗುತ್ತವೆ. ಇಷ್ಟನ್ನು ಮುಗಿಸುವ ಅವಸರದಲ್ಲಿ ಎಷ್ಟೋ ಕಡೆ ಒಪ್ಪಿಸುವ ಹೊತ್ತು ಕರಗಿ, ಆ ಜಾಗವನ್ನು ಪ್ರಶ್ನೋತ್ತರ ನೋಡಿ ಬರೆಯುವುದು ತುಂಬುತ್ತದೆ. ಕಲಿಯಬೇಕಾದದ್ದು ಹೆಚ್ಚಾದ ಕಾಲದಲ್ಲೇ, ಅದನ್ನು ನೆನಪಿನಲ್ಲಿ ನಿಲ್ಲಿಸುತ್ತಿದ್ದ ಅಭ್ಯಾಸ ಕೈತಪ್ಪುತ್ತದೆ. ಹನ್ನೊಂದರಿಂದ ಹದಿನಾಲ್ಕರ ವಯಸ್ಸಿನಲ್ಲಿ "ನಾನು ದಡ್ಡ" ಎಂದು ತೀರ್ಮಾನಿಸಿಕೊಳ್ಳುವ ಎಷ್ಟೋ ಮಕ್ಕಳ ಹಿಂದೆ ಈ ಕಾರಣ ಇರುತ್ತದೆ.

ಕಡಲೆಕಾಯಿ, ಬಿದಿರು ಮತ್ತು 3,605 ಮಕ್ಕಳು

ಮರೆವನ್ನು ಮೊದಲು ಲೆಕ್ಕ ಹಾಕಿ ಅಳೆದವನು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್. ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಗಳನ್ನು ತಾನೇ ಕಲಿತು, ಬೇರೆ ಬೇರೆ ಅವಧಿಯ ನಂತರ ಮತ್ತೆ ಕಲಿಯುವಾಗ ಎಷ್ಟು ಸಮಯ ಉಳಿತಾಯವಾಗುತ್ತದೆ ಎಂದು ನೋಡಿದ. 1885ರಲ್ಲಿ ಪ್ರಕಟವಾದ ಅವನ ಲೆಕ್ಕದಲ್ಲಿ ಒಂದು ಗಂಟೆಯ ಬಳಿಕ ಉಳಿತಾಯ ಶೇಕಡಾ 44. ಒಂದು ದಿನದ ಬಳಿಕ 34. ಒಂದು ತಿಂಗಳಾದ ಮೇಲೂ 21. ಮರೆವಿನ ಇಳಿಜಾರು ಮೊದಲು ಕಡಿದಾಗಿದ್ದು ಆಮೇಲೆ ನಿಧಾನವಾಗುತ್ತದೆ. 2015ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಇದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಹೆಚ್ಚುಕಡಿಮೆ ಅದೇ ಇಳಿಜಾರು ಕಂಡಿತು. ಮರೆಯುವುದು ಯಾವುದೋ ಮಗುವಿನ ದೋಷವಲ್ಲ, ಮನುಷ್ಯರ ಮಿದುಳಿನ ದಿನನಿತ್ಯದ ಕೆಲಸ.

ಈ ಇಳಿಜಾರಿಗೆ ತಡೆ ಒಡ್ಡಬಹುದೇ? 1939ರಲ್ಲಿ ಹರ್ಬರ್ಟ್ ಸ್ಪಿಟ್ಜರ್ ಎಂಬ ಅಮೆರಿಕದ ಸಂಶೋಧಕ ಉತ್ತರ ಹುಡುಕಿದ್ದು ಆರನೇ ತರಗತಿಯ ಮಕ್ಕಳಲ್ಲಿಯೇ. ಅಯೋವಾ ರಾಜ್ಯದ ಒಂಬತ್ತು ಊರುಗಳ 91 ಶಾಲೆಗಳಲ್ಲಿ 3,605 ಮಕ್ಕಳಿಗೆ ಕಡಲೆಕಾಯಿ, ಬಿದಿರು ಮುಂತಾದವುಗಳ ಬಗ್ಗೆ ಚಿಕ್ಕ ಲೇಖನ ಓದಲು ಕೊಟ್ಟ. ಕೆಲವು ಗುಂಪುಗಳಿಗೆ ಓದಿದ ಕೂಡಲೇ ಪ್ರಶ್ನೆ ಕೇಳಲಾಯಿತು, ಕೆಲವಕ್ಕೆ ಮರುದಿನ. ಇನ್ನು ಕೆಲವು ಗುಂಪುಗಳು ಮೊದಲ ಪ್ರಶ್ನೆ ಕಂಡದ್ದೇ ವಾರಗಳ ನಂತರ. ಬೇಗ ಪ್ರಶ್ನೆಗೆ ಉತ್ತರಿಸಿದ್ದ ಮಕ್ಕಳು ವಾರಗಳ ಬಳಿಕವೂ ಹೆಚ್ಚು ನೆನಪಿಟ್ಟುಕೊಂಡಿದ್ದರು. ತಡವಾಗಿ ಮೊದಲ ಪ್ರಶ್ನೆ ಕಂಡವರು ಅಷ್ಟರಲ್ಲಿ ಬಹುಪಾಲು ಕಳೆದುಕೊಂಡಿದ್ದರು. ಪ್ರಶ್ನೆಗೆ ಉತ್ತರ ಹುಡುಕುವ ಕೆಲಸವೇ ಮರೆವಿಗೆ ತಡೆ ಒಡ್ಡಿತ್ತು.

ಹದಿನಾಲ್ಕು ಓದು, ಮೂರು ಪ್ರಯತ್ನ

ಈ ಫಲಿತಾಂಶ ದಶಕಗಳ ಕಾಲ ಹೆಚ್ಚು ಜನರ ಗಮನಕ್ಕೆ ಬಾರದೆ ಉಳಿಯಿತು. 2006ರಲ್ಲಿ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಸರಳ ಪ್ರಯೋಗವೊಂದನ್ನು ಮಾಡಿದರು. ಒಂದು ಗುಂಪು ಒಂದು ಬರಹವನ್ನು ನಾಲ್ಕು ಅವಧಿಯಲ್ಲೂ ಓದಿತು, ಸರಾಸರಿ ಹದಿನಾಲ್ಕು ಸಲ. ಇನ್ನೊಂದು ಗುಂಪು ಒಂದೇ ಅವಧಿಯಲ್ಲಿ ಮೂರು-ನಾಲ್ಕು ಸಲ ಓದಿ, ಉಳಿದ ಮೂರು ಅವಧಿಯಲ್ಲಿ ಖಾಲಿ ಹಾಳೆಯ ಮೇಲೆ ನೆನಪಿದ್ದಷ್ಟನ್ನು ಬರೆಯಿತು.

ಐದು ನಿಮಿಷದ ನಂತರ ಕೇಳಿದಾಗ ಓದಿದವರದ್ದೇ ಮೇಲುಗೈ: ಅವರಿಗೆ ಶೇಕಡಾ 83 ನೆನಪಿತ್ತು, ಬರೆದವರಿಗೆ 71. ಒಂದು ವಾರದ ನಂತರ ಲೆಕ್ಕ ತಲೆಕೆಳಗಾಯಿತು. ಓದಿದವರಲ್ಲಿ ಉಳಿದದ್ದು 40, ಬರೆದವರಲ್ಲಿ 61. ಮುಂದೆ ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಭರವಸೆ ಮಾತ್ರ ಹದಿನಾಲ್ಕು ಸಲ ಓದಿದವರಲ್ಲೇ ಹೆಚ್ಚಾಗಿತ್ತು.

ಪುಸ್ತಕ ಮುಚ್ಚಿ, ಮನಸ್ಸಿನೊಳಗಿನಿಂದ ಹುಡುಕಿ ತೆಗೆಯುವ ಈ ಕೆಲಸವನ್ನು ವಿಜ್ಞಾನಿಗಳು ರಿಟ್ರೀವಲ್ ಪ್ರಾಕ್ಟೀಸ್ ಎನ್ನುತ್ತಾರೆ. ನಾವು ನೆನಪು ಹೆಕ್ಕುವುದು ಎನ್ನಬಹುದು.

ಹೆಕ್ಕುವಾಗ ಒಳಗೆ ನಡೆಯುವುದೇನು?

ನೆನಪು ಮಿದುಳಿನ ಒಂದು ಮೂಲೆಯಲ್ಲಿ ಇಡಿಯಾಗಿ ಇರುವುದಿಲ್ಲ. ಕಂಡದ್ದು, ಕೇಳಿದ್ದು, ಅರ್ಥವಾದದ್ದು ಬೇರೆ ಬೇರೆ ಭಾಗಗಳಲ್ಲಿ ಹರಡಿರುತ್ತವೆ. ಮಿದುಳಿನ ಒಳಭಾಗದಲ್ಲಿರುವ ಹಿಪೊಕ್ಯಾಂಪಸ್ ಹೊಸದಾಗಿ ಕಲಿತದ್ದರ ತುಣುಕುಗಳನ್ನು ಒಂದಕ್ಕೊಂದು ಹೆಣೆಯಲು ನೆರವಾಗುತ್ತದೆ. ನೆನೆಯುವುದು ಎಂದರೆ ಒಂದು ಸುಳಿವು ಹಿಡಿದು ಆ ಹೆಣಿಗೆಯನ್ನು ಮತ್ತೆ ಎಬ್ಬಿಸುವುದು.

ಓದುವಾಗ ಸುಳಿವೂ ಉತ್ತರವೂ ಒಂದೇ ಪುಟದಲ್ಲಿ ಇರುತ್ತವೆ. ಒಂದರಿಂದ ಇನ್ನೊಂದಕ್ಕೆ ಮನಸ್ಸು ತಾನಾಗಿ ಹೋಗಬೇಕಿಲ್ಲ. ಅದು ಬಸ್ಸಿನ ಪ್ರಯಾಣ. ಪುಸ್ತಕ ಮುಚ್ಚಿ, "ಐಹೊಳೆ ಶಾಸನ ಬರೆದವರು ಯಾರು?" ಎಂದು ಕೇಳಿಕೊಂಡಾಗ ಸೈಕಲ್ ತುಳಿಯಬೇಕಾಗುತ್ತದೆ. ಐಹೊಳೆ ಎಂದರೆ ದೇವಾಲಯಗಳು, ಅಲ್ಲಿ ಮೇಗುತಿ ಬೆಟ್ಟದ ಮೇಲೆ ಒಂದು ಬಸದಿ, ಶಾಸನ ಇರುವುದು ಅದರ ಗೋಡೆಯಲ್ಲಿ, ಅದರಲ್ಲಿ ಪುಲಕೇಶಿ ಹರ್ಷನನ್ನು ತಡೆದ ಸುದ್ದಿ ಇದೆ, ಬರೆದ ಕವಿ... ರವಿಕೀರ್ತಿ! ಈ ತಡಕಾಟದಲ್ಲಿ ಹೆಸರು ಸಿಕ್ಕಿತು, ಅದರ ಜೊತೆಗೆ ಅಕ್ಕಪಕ್ಕದ ಸಂಗತಿಗಳೂ ಎಚ್ಚರಗೊಂಡು ಹೆಸರಿಗೆ ಹೆಣೆದುಕೊಂಡವು. ಮುಂದಿನ ಸಲ ಬಸದಿಯಿಂದ ಹೊರಟರೂ ಹರ್ಷನಿಂದ ಹೊರಟರೂ ರವಿಕೀರ್ತಿಯನ್ನು ತಲುಪಬಹುದು.

ನೆನಪು ಹೆಕ್ಕುವುದು ಒಳಗೆ ಎಷ್ಟಿದೆ ಎಂದು ಅಳೆಯುವ ಕೆಲಸ ಮಾತ್ರ ಅಲ್ಲ. ಹೆಕ್ಕಿದ ಪ್ರತಿ ಸಲವೂ ನೆನಪು ಬದಲಾಗುತ್ತದೆ, ಬಲಗೊಳ್ಳುತ್ತದೆ, ಹೊಸ ಕೊಂಡಿಗಳನ್ನು ಪಡೆಯುತ್ತದೆ. ಈ ಅಧ್ಯಾಯದಿಂದ ಓದುಗರು ಒಂದೇ ಸಂಗತಿಯನ್ನು ಒಯ್ಯುವುದಾದರೆ ಇದನ್ನೇ ಒಯ್ಯಲಿ.

ಹೆಕ್ಕಲು ಹೋಗಿ ಸಿಗದಿದ್ದರೆ? ಆಗಲೂ ಶ್ರಮ ವ್ಯರ್ಥವಲ್ಲ, ಒಂದು ಷರತ್ತಿನ ಮೇಲೆ: ಪ್ರಯತ್ನಿಸಿದ ಮೇಲೆ ಸರಿಯುತ್ತರ ನೋಡಬೇಕು. ಹುಡುಕಿ ಸೋತ ಬಳಿಕ ಕಂಡ ಉತ್ತರ, ಸುಮ್ಮನೆ ಓದಿದ ಉತ್ತರಕ್ಕಿಂತ ಚೆನ್ನಾಗಿ ನಿಲ್ಲುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ತನಗೆ ಯಾವುದು ಬರುವುದಿಲ್ಲ ಎಂಬುದೂ ಮಗುವಿಗೆ ಆಗಲೇ ಸ್ಪಷ್ಟವಾಗುತ್ತದೆ. ತಿದ್ದದೆ ಬಿಟ್ಟ ತಪ್ಪು ಉತ್ತರ ಮಾತ್ರ ಹಾಗೇ ಬೇರೂರುವ ಅಪಾಯ ಇದೆ.

ಸ್ವಲ್ಪ ಮರೆಯಲು ಬಿಡಿ

ಒಂದು ಪಾಠ ಓದಿದ ಮರುಗಳಿಗೆಯಲ್ಲೇ ಹೆಕ್ಕಿದರೆ ಸುಲಭವಾಗಿ ಸಿಗುತ್ತದೆ, ಆದರೆ ಅದರಿಂದಾಗುವ ಲಾಭ ಕಡಿಮೆ. ಎರಡು ದಿನ ಬಿಟ್ಟು, ಅರ್ಧ ಮರೆತ ಮೇಲೆ ಹೆಕ್ಕಿದರೆ ಕಷ್ಟವಾಗುತ್ತದೆ. ಆ ಕಷ್ಟವೇ ನೆನಪನ್ನು ಗಟ್ಟಿ ಮಾಡುವುದು. ಕ್ಯಾಲಿಫೋರ್ನಿಯಾದ ಮನೋವಿಜ್ಞಾನಿ ರಾಬರ್ಟ್ ಬ್ಯೋರ್ಕ್ ಇಂಥವನ್ನು ಬೇಕಾದ ಕಷ್ಟಗಳು ಎಂದು ಕರೆದಿದ್ದಾರೆ.

ಹಾಗಾಗಿ ಭಾನುವಾರ ಮೂರು ಗಂಟೆ ಒಂದೇ ಸಮನೆ ಕೂರುವುದಕ್ಕಿಂತ, ಅದೇ ಮೂರು ಗಂಟೆಯನ್ನು ನಾಲ್ಕೈದು ದಿನಕ್ಕೆ ಹಂಚಿಕೊಳ್ಳುವುದು ಮೇಲು. ನಡುವಿನ ರಾತ್ರಿಗಳ ನಿದ್ದೆಯೂ ಹೊಸ ನೆನಪು ನೆಲೆಯೂರಲು ಸಹಾಯ ಮಾಡುತ್ತದೆ. ಎಷ್ಟು ಬಿಡುವು ಬೇಕು ಎನ್ನುವುದು ಎಷ್ಟು ಕಾಲ ನೆನಪಿರಬೇಕು ಎಂಬುದನ್ನು ಅವಲಂಬಿಸಿದೆ. ತಿಂಗಳೊಪ್ಪತ್ತಿನ ಪರೀಕ್ಷೆಗಾದರೆ ಕೆಲವು ದಿನದ ಅಂತರ ಸಾಕು. ಮುಂದಿನ ವರ್ಷಕ್ಕೂ ಉಳಿಯಬೇಕಾದ ಭಿನ್ನರಾಶಿಯಂಥ ಪಾಠಕ್ಕೆ ವಾರಗಳ ಅಂತರದಲ್ಲಿ ಮತ್ತೆ ಮತ್ತೆ ಮರಳಬೇಕು.

ಲೆಕ್ಕದ ಪುಸ್ತಕದ ಒಂದು ತೊಡಕು

"ಮನೆಯಲ್ಲಿ ಎಲ್ಲ ಲೆಕ್ಕ ಮಾಡ್ತಾನೆ, ಪರೀಕ್ಷೆಯಲ್ಲಿ ಮಾತ್ರ ತಪ್ಪುತ್ತಾನೆ" ಎನ್ನುವ ತಾಯ್ತಂದೆಯರಿಗೆ ಇಲ್ಲೇ ಉತ್ತರ ಇದೆ. 'ಸರಳ ಬಡ್ಡಿ' ಎಂಬ ತಲೆಬರಹದ ಕೆಳಗೆ ಇರುವ ಹತ್ತೂ ಲೆಕ್ಕ ಸರಳ ಬಡ್ಡಿಯವೇ. ಮೊದಲನೆಯದನ್ನು ಮೇಷ್ಟ್ರು ಮಾಡಿ ತೋರಿಸಿದರೆ, ಉಳಿದವಕ್ಕೆ ಅಂಕಿ ಬದಲಿಸಿದರೆ ಮುಗಿಯಿತು. ಈ ಲೆಕ್ಕಕ್ಕೆ ಯಾವ ವಿಧಾನ ಎಂದು ಮಗು ಯೋಚಿಸಲೇ ಇಲ್ಲ, ತಲೆಬರಹವೇ ಹೇಳಿಬಿಟ್ಟಿತು. ಪರೀಕ್ಷೆಯಲ್ಲಿ ಬಡ್ಡಿ, ಲಾಭ-ನಷ್ಟ, ಅನುಪಾತ, ಲ.ಸಾ.ಅ. ಎಲ್ಲ ಹೆಸರಿಲ್ಲದೆ ಕಲೆತು ಬರುತ್ತವೆ.

ಫ್ಲಾರಿಡಾದ ಡಗ್ ರೋರರ್ ಮತ್ತು ಸಂಗಡಿಗರು 54 ಏಳನೇ ತರಗತಿಗಳಲ್ಲಿ ಇದನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು. ಕೆಲವು ತರಗತಿಗಳು ಒಂದೇ ಬಗೆಯ ಲೆಕ್ಕಗಳನ್ನು ಒಟ್ಟಿಗೆ ಮಾಡಿದವು. ಕೆಲವು ತರಗತಿಗಳಿಗೆ ಬೇರೆ ಬೇರೆ ಬಗೆಯ ಲೆಕ್ಕಗಳನ್ನು ಕಲೆಸಿ ಕೊಡಲಾಯಿತು. ತಿಂಗಳ ಬಳಿಕ ಹೇಳದೆ ಕೇಳದೆ ಪರೀಕ್ಷೆ ಕೊಟ್ಟಾಗ ಬೆರಕೆ ಲೆಕ್ಕ ಮಾಡಿದ ಮಕ್ಕಳು ಗಳಿಸಿದ್ದು ಶೇಕಡಾ 61. ಉಳಿದವರು 38. ಬೆರಕೆ ಅಭ್ಯಾಸದಲ್ಲಿ ಮಗು ಪ್ರತಿ ಲೆಕ್ಕಕ್ಕೂ ವಿಧಾನವನ್ನೇ ಮೊದಲು ಹೆಕ್ಕಬೇಕು. ಹೊಸ ಪಾಠದ ಮೊದಲ ಕೆಲವು ಲೆಕ್ಕ ಒಂದೇ ಬಗೆಯವಿರಲಿ, ದಾರಿ ತಿಳಿದ ಮೇಲೆ ಹಳೆಯ ಪಾಠಗಳದ್ದನ್ನೂ ಬೆರೆಸಬೇಕು. ಇದಕ್ಕೆ ಹೊಸ ಪುಸ್ತಕ ಬೇಡ. ಈಗಿರುವ ಪುಸ್ತಕದ ನಾಲ್ಕು ಪಾಠಗಳಿಂದ ಎರಡೆರಡು ಲೆಕ್ಕ ಆರಿಸಿ ಬೋರ್ಡಿನ ಮೇಲೆ ಬರೆದರಾಯಿತು.

ಇದು ಉರು ಹೊಡೆಯುವುದಲ್ಲವೇ?

ಈ ಪ್ರಶ್ನೆ ನ್ಯಾಯವಾದದ್ದು. ಅರ್ಥವಾಗದ ಉತ್ತರವನ್ನು ಪದಕ್ಕೆ ಪದ ಉರು ಹೊಡೆದು ಒಪ್ಪಿಸಿದರೆ ಆ ಪದಗಳ ಸರಣಿಯೇ ಗಟ್ಟಿಯಾಗುತ್ತದೆ, ಬೇರೇನೂ ಅಲ್ಲ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಕೈಗೆಟುಕುವುದಿಲ್ಲ. ಆದ್ದರಿಂದ ಮೊದಲು ಅರ್ಥವಾಗಬೇಕು. ಮೂರನೇ ತರಗತಿಯ ಕಳೆಯುವ ಲೆಕ್ಕವೇ ಗಟ್ಟಿಯಾಗದ ಮಗುವಿಗೆ ಏಳನೇ ತರಗತಿಯ ಸಮೀಕರಣವನ್ನು ಹೆಕ್ಕಲು ಹೇಳಿ ಪ್ರಯೋಜನ ಇಲ್ಲ. ಮೊದಲು ಆ ಹಳೆಯ ಪಾಠಕ್ಕೆ ಹೋಗಬೇಕು. ಡಿಸ್‌ಲೆಕ್ಸಿಯಾದಂಥ ಓದಿನ ತೊಡಕು ಇರುವ ಮಗುವಿಗೆ ತಜ್ಞರ ನೆರವೂ ಬೇಕು. ಬಾಯಿಮಾತಿನಲ್ಲಿ ಉತ್ತರಿಸುವ ಅವಕಾಶವೂ ಬೇಕು.

ಅರ್ಥವಾದದ್ದನ್ನು ತನ್ನದೇ ಮಾತಿನಲ್ಲಿ ಹೆಕ್ಕಿದಾಗ ಮಾತ್ರ ತಿಳಿವು ಆಳವಾಗುತ್ತದೆ. 2011ರಲ್ಲಿ ಕಾರ್ಪಿಕಿ ಮತ್ತು ಜೆನೆಲ್ ಬ್ಲಂಟ್ ವಿಜ್ಞಾನದ ಬರಹವೊಂದನ್ನು ಎರಡು ಬಗೆಯಲ್ಲಿ ಕಲಿಸಿದರು. ಕೆಲವರು ಪುಸ್ತಕ ಎದುರಿಗಿಟ್ಟುಕೊಂಡು ಪರಿಕಲ್ಪನೆಗಳ ನಕ್ಷೆ ಬಿಡಿಸಿದರು, ಕೆಲವರು ಪುಸ್ತಕ ಮುಚ್ಚಿ ನೆನೆದು ಬರೆದರು. ವಾರದ ನಂತರ, ಬರಹದಲ್ಲಿ ನೇರವಾಗಿ ಇಲ್ಲದ, ಊಹಿಸಿ ಹೇಳಬೇಕಾದ ಪ್ರಶ್ನೆಗಳಲ್ಲೂ ನೆನೆದು ಬರೆದವರೇ ಮುಂದಿದ್ದರು. ಆದ್ದರಿಂದ 'ದ್ಯುತಿಸಂಶ್ಲೇಷಣೆ ಎಂದರೇನು?' ಎಂಬಲ್ಲಿಗೆ ನಿಲ್ಲಿಸಬಾರದು. 'ಕತ್ತಲ ಕೋಣೆಯಲ್ಲಿ ಇಟ್ಟ ಗಿಡ ಯಾಕೆ ಸೊರಗುತ್ತದೆ?' ಎಂದೂ ಕೇಳಬೇಕು. ಎರಡನೇ ಪ್ರಶ್ನೆಗೆ ಗೈಡಿನ ಸಾಲು ಸಾಕಾಗದು.

ಅಂಕವಿಲ್ಲದ ಪ್ರಶ್ನೆಗಳು

ಹಾಗಾದರೆ ಮಕ್ಕಳಿಗೆ ಇನ್ನಷ್ಟು ಪರೀಕ್ಷೆ ಹೇರಬೇಕೇ? ಖಂಡಿತ ಬೇಡ. ಅಂಕ, ರ‍್ಯಾಂಕು, ಹೋಲಿಕೆ, ಬೈಗುಳ ಬೆರೆತ ಪರೀಕ್ಷೆ ಭಯವನ್ನು ಹುಟ್ಟಿಸುತ್ತದೆ. ಭಯ ಮನಸ್ಸಿನ ಜಾಗವನ್ನು ಆಕ್ರಮಿಸಿ ಗೊತ್ತಿದ್ದದ್ದನ್ನೂ ತಡೆಯುತ್ತದೆ. ಬೇಕಿರುವುದು ಅಂಕವೇ ಇಲ್ಲದ ಪುಟ್ಟ ಪ್ರಶ್ನೆಗಳು.

ಅಮೆರಿಕದ ಇಲಿನಾಯ್ ರಾಜ್ಯದ ಕೊಲಂಬಿಯಾ ಎಂಬ ಊರಿನ ಮಾಧ್ಯಮಿಕ ಶಾಲೆಯೊಂದರಲ್ಲಿ ರೋಡಿಗರ್ ಮತ್ತು ಪೂಜಾ ಅಗರ್ವಾಲ್ ಮೊದಲಾದವರು ವರ್ಷಗಟ್ಟಲೆ ಇದನ್ನು ಪ್ರಯೋಗಿಸಿದ್ದಾರೆ. ಆರನೇ ತರಗತಿಯ ಸಮಾಜ ವಿಜ್ಞಾನದಲ್ಲೂ ಎಂಟನೇ ತರಗತಿಯ ವಿಜ್ಞಾನದಲ್ಲೂ ಪುಟ್ಟ ಪ್ರಶ್ನೆಗಳ ಮೂಲಕ ಹೆಕ್ಕಿದ ವಿಷಯಗಳು ಹೆಕ್ಕದ ವಿಷಯಗಳಿಗಿಂತ ಚೆನ್ನಾಗಿ ಉಳಿದವು. 2014ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಇಂಥ ಅಭ್ಯಾಸ ಮಾಡಿದ 1,408 ಶಾಲಾಮಕ್ಕಳನ್ನು ಕೇಳಿದಾಗ, ಶೇಕಡಾ 92 ಮಂದಿ ಇದರಿಂದ ಕಲಿಯಲು ಅನುಕೂಲವಾಯಿತು ಎಂದರು. ಪರೀಕ್ಷೆಯ ಅಳುಕು ಕಡಿಮೆಯಾಯಿತು ಎಂದವರು ಶೇಕಡಾ 72. ದಿನವೂ ಉತ್ತರ ಹುಡುಕಿ ಅಭ್ಯಾಸವಾದ ಮಗುವಿಗೆ ಪ್ರಶ್ನೆ ಹೊಸ ಶತ್ರುವಾಗಿ ಕಾಣುವುದಿಲ್ಲ.

ತರಗತಿಯಲ್ಲಿ ಇದಕ್ಕೆ ಐದು ನಿಮಿಷ ಸಾಕು. ಪಾಠ ಶುರುವಾಗುವ ಮೊದಲು ನಿನ್ನೆಯದೊಂದು, ಕಳೆದ ವಾರದ್ದೊಂದು, ಕಳೆದ ತಿಂಗಳದ್ದೊಂದು ಪ್ರಶ್ನೆ. ಎಲ್ಲರೂ ಬರೆಯಬೇಕು, ಕೈ ಎತ್ತಿದ ಇಬ್ಬರು ಮಾತ್ರ ಉತ್ತರಿಸಿದರೆ ಆ ಇಬ್ಬರಿಗೆ ಮಾತ್ರ ಲಾಭ. ಬರೆದಾದ ಮೇಲೆ ಸರಿಯುತ್ತರವನ್ನು ಎಲ್ಲರೂ ಸೇರಿ ನೋಡಬೇಕು, ತಪ್ಪನ್ನು ಮಕ್ಕಳೇ ತಿದ್ದಿಕೊಳ್ಳಬೇಕು. ಆ ಹಾಳೆಗೆ ಮೇಷ್ಟ್ರು ಅಂಕ ಹಾಕಬೇಕಿಲ್ಲ, ರಿಜಿಸ್ಟರಿಗೆ ಏರಿಸಬೇಕಿಲ್ಲ.

ಮನೆಯಲ್ಲಂತೂ ಟ್ಯೂಷನ್ನಿಗೆ ದುಡ್ಡಿಲ್ಲದವರೂ ಪಾಠ ಓದಲು ಬಾರದ ತಾಯ್ತಂದೆಯರೂ ಇದನ್ನು ಮಾಡಿಸಬಹುದು. "ಹೋಂವರ್ಕ್ ಆಯ್ತಾ?" ಎನ್ನುವ ಬದಲು, "ಇವತ್ತು ಏನು ಹೇಳಿಕೊಟ್ಟರು, ಪುಸ್ತಕ ನೋಡದೆ ನಂಗೆ ಹೇಳು ಕಂದಾ" ಎಂದು ಕೇಳಿದರೆ ಸಾಕು. ಮಗು ತಡವರಿಸಿದಾಗ ಬಾಯಿಗೆ ಉತ್ತರ ಹಾಕದೆ ಅರ್ಧ ನಿಮಿಷ ಕಾಯಬೇಕು. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಅದೇ ಹುಡುಕಲಿ. ಮಗು ತಡಕಾಡುತ್ತಿರುವ ಆ ಹೊತ್ತನ್ನು ದಡ್ಡತನದ ಗುರುತೆಂದು ನೋಡುವುದನ್ನು ದೊಡ್ಡವರು ಬಿಡಬೇಕು. ಮಿದುಳು ಅತ್ಯಂತ ಚೆನ್ನಾಗಿ ಕಲಿಯುವುದು ಆಗಲೇ. ಇದನ್ನು ಮಗುವಿಗೂ ಬಿಡಿಸಿ ಹೇಳಬೇಕು. ನೆನಪಾಗದಿದ್ದಾಗ ಹೆದರಿ ಕೈಬಿಡುವ ಬದಲು ಇನ್ನೊಮ್ಮೆ ಹುಡುಕುವ ಧೈರ್ಯ ಅದಕ್ಕೆ ಬರುವುದು ಈ ತಿಳಿವಿನಿಂದಲೇ.